ಮೂಗಿಗಿಂತ ಮೂಗುತಿ ಭಾರ

ಕಳೆದ ತಿಂಗಳು ನಮ್ಮ ಬಳಗದ ಕೂಟ ಮುಗಿದು ಎಲ್ಲರೂ ಚಹಾ ಕುಡಿಯುತ್ತ ನಿಂತಿದ್ದಾಗ ಕಿರಿಯ ಮಿತ್ರರೊಬ್ಬರು ಒಂದು ಪ್ರಶ್ನೆ ಕೇಳಿದರು. ಅವರಿಗೆ ಹೊಸದಾಗಿ ನೌಕರಿ ಸಿಕ್ಕಿದೆ. ಮೊದಲ ಸಂಬಳದಲ್ಲಿ ಒಂದು ಒಳ್ಳೆಯ ಪರ್ಫ್ಯೂಮ್ ಕೊಳ್ಳಬೇಕೆಂದಿದ್ದಾರೆ. "ನನ್ನ ವ್ಯಕ್ತಿತ್ವಕ್ಕೆ ಒಪ್ಪುವಂಥದನ್ನು ಆರಿಸುವುದು ಹೇಗೆ?" ಎಂಬುದು ಪ್ರಶ್ನೆ. ಸಾಹಿತ್ಯದ ಕೂಟದಲ್ಲಿ ಇದೆಂಥ ಮಾತೆಂದು ಕೆಲವರು ನಕ್ಕರು. ಹಿರಿಯರೊಬ್ಬರು, "ಮೈಗೆ ಸಾಬೂನು, ತಲೆಗೆ ಕೊಬ್ಬರಿ ಎಣ್ಣೆ, ಹೆಂಗಸರ ಮುಡಿಗೊಂದು ಮೊಳ ಮಲ್ಲಿಗೆ. ಅದರಾಚೆಯದೆಲ್ಲ ಶೋಕಿ" ಎಂದು ತೀರ್ಪು ಕೊಟ್ಟರು. ಇನ್ನೊಬ್ಬರು ಜಾತಕ ನೋಡುವವರ ಗಾಂಭೀರ್ಯದಿಂದ, "ನೀವು ಅಂತರ್ಮುಖಿಯೋ ಬಹಿರ್ಮುಖಿಯೋ?" ಎಂದು ವಿಚಾರಣೆಗೆ ತೊಡಗಿದರು. ನಾನು ಸುಮ್ಮನಿದ್ದೆ. ಮನೆಗೆ ಮರಳುವಾಗ ಲೋಕಲ್ ರೈಲಿನ ಇಕ್ಕಟ್ಟಿನಲ್ಲಿ, ಯಾರದೋ ಕತ್ತಿನ ಘಾಟು ನನ್ನ ಮೂಗಿಗೆ ನೇರವಾಗಿ ಬಡಿಯುತ್ತಿದ್ದಾಗ, ಇಬ್ಬರ ಉತ್ತರವೂ ತಪ್ಪೆಂದು ಹೇಳಬೇಕಿತ್ತು ಅನ್ನಿಸಿತು. ಅಂದು ಆಡದೆ ಉಳಿದ ಮಾತನ್ನು ಇಲ್ಲಿ ಆಡುತ್ತಿದ್ದೇನೆ.

'ಒಪ್ಪು' ಎಂಬ ನಮ್ಮ ಕ್ರಿಯಾಪದಕ್ಕೆ ಎರಡು ಅರ್ಥಗಳಿವೆ. ಈ ಸೀರೆ ನಿನಗೆ ಒಪ್ಪುತ್ತದೆ ಎಂದಾಗ ಅದು ಚೆಲುವಿನ ಮಾತು. ನಿನ್ನ ಮಾತಿಗೆ ನಾನು ಒಪ್ಪುತ್ತೇನೆ ಎಂದಾಗ ಅದು ಸಮ್ಮತಿಯ ಮಾತು. ಸುಗಂಧದ ವ್ಯಾಪಾರ ಮೊದಲನೆಯ ಅರ್ಥವನ್ನಷ್ಟೇ ಮಾರುತ್ತದೆ. ನನ್ನ ವಾದವಾದರೋ, ಸುಗಂಧದ ಮಟ್ಟಿಗೆ ಎರಡನೆಯ ಅರ್ಥವಿಲ್ಲದೆ ಮೊದಲನೆಯದು ನಿಲ್ಲುವುದಿಲ್ಲ ಎಂಬುದು. ಕಣ್ಣಿಗೆ ಹಿಡಿಸದ ಅಂಗಿಯಿಂದ ಮುಖ ತಿರುಗಿಸಬಹುದು, ಬೇಡದ ಹಾಡಿಗೆ ಕಿವಿ ಮುಚ್ಚಿಕೊಳ್ಳಬಹುದು. ಉಸಿರಾಡುವವನು ಮೂಗನ್ನು ಎಷ್ಟು ಹೊತ್ತು ಮುಚ್ಚಿಕೊಂಡಾನು? ನಾವು ಹಚ್ಚಿಕೊಂಡದ್ದನ್ನು ಪಕ್ಕದವರು ಉಸಿರಾಡಲೇಬೇಕು. ಆದ್ದರಿಂದ ಪಕ್ಕದವರು ಒಪ್ಪದ ಪರಿಮಳ, ಅದರ ಬೆಲೆ ಎಷ್ಟೇ ಇರಲಿ, ಹೆಸರು ಎಂಥದೇ ಇರಲಿ, ನಮಗೆ ಒಪ್ಪಿತೆಂದು ಹೇಳಲಾಗದು.

ಮೊದಲು ವ್ಯಕ್ತಿತ್ವದ ಸಿದ್ಧಾಂತವನ್ನು ನೋಡೋಣ. ಮರದ ಕಂಪು ಗಂಭೀರ ಸ್ವಭಾವದವರಿಗೆ, ನಿಂಬೆಯ ಕಂಪು ಚುರುಕಿನವರಿಗೆ, ವೆನಿಲಾ ಮೃದು ಹೃದಯದವರಿಗೆ ಎಂದು ಮಳಿಗೆಯವರು ಹೇಳುತ್ತಾರೆ. ಹಾಗಾದರೆ ಶನೆಲ್ ನಂಬರ್ 5 ಯಾವ ಸ್ವಭಾವದವರದು? ಅರ್ನೆಸ್ಟ್ ಬೋ ಎಂಬ ಪರಿಮಳಗಾರ ಕೊಕೊ ಶನೆಲ್‌ಗಾಗಿ ಸಂಯೋಜಿಸಿದ ಅದು ಮಾರುಕಟ್ಟೆಗೆ ಬಂದದ್ದು 1921ರಲ್ಲಿ. ನೂರು ವರ್ಷಗಳಿಗೂ ಮೀರಿದ ಅವಧಿಯಲ್ಲಿ ಅದನ್ನು ಹಚ್ಚಿಕೊಂಡ ಅಸಂಖ್ಯ ಹೆಂಗಸರಲ್ಲಿ ಮೌನಿಗಳಿದ್ದರು, ಮಾತುಗಾರ್ತಿಯರಿದ್ದರು, ಸಾಧುಗಳಿದ್ದರು, ಜಗಳಗಂಟಿಯರೂ ಇದ್ದಿರಬೇಕು. ಒಂದೇ ಬುಡ್ಡಿ ಇಷ್ಟು ಜನರ ಅನನ್ಯ ವ್ಯಕ್ತಿತ್ವವನ್ನು ಸಾರುವುದಾದರೆ ಆ ಅನನ್ಯತೆ ಸಗಟು ವ್ಯಾಪಾರದ್ದೆನ್ನಬೇಕು. ವ್ಯಕ್ತಿತ್ವ ನಡೆ ನುಡಿಗಳಲ್ಲಿ ತೋರಿಬರುವಂಥದು. ಅದನ್ನು ಬುಡ್ಡಿಯಲ್ಲಿ ಕೊಳ್ಳಬಹುದೆಂದು ನಂಬಿಸಿದರೆ, ಇನ್ನೂ ತನ್ನ ವ್ಯಕ್ತಿತ್ವವನ್ನು ಹುಡುಕುತ್ತಿರುವ ಇಪ್ಪತ್ತೆರಡರ ತರುಣ ತನ್ನ ಮೊದಲ ಸಂಬಳವನ್ನು ಅಲ್ಲಿ ಸುರಿಯುತ್ತಾನೆ. ನನ್ನ ಕೋಪ ಮುಖ್ಯವಾಗಿ ಇದರ ಮೇಲೆ.

ಗಂಡಸಿನ ಕಪಾಟು, ಹೆಂಗಸಿನ ಕಪಾಟು ಎಂಬ ವಿಂಗಡಣೆಯೂ ಇದೇ ಜಾತಿಯದು. ಆಧುನಿಕ ಮಳಿಗೆಯಲ್ಲಿ ಗುಲಾಬಿಯನ್ನು ಸಾಮಾನ್ಯವಾಗಿ ಹೆಂಗಸರ ಕಡೆಗೆ ಇಡುತ್ತಾರೆ. ಮುಂಬಯಿಯ ಮೊಹಮ್ಮದ್ ಅಲಿ ರಸ್ತೆಯಲ್ಲಿ, ಹೈದರಾಬಾದಿನ ಚಾರ್‌ಮಿನಾರಿನ ಆಸುಪಾಸಿನಲ್ಲಿ, 1816ರಿಂದ ಅತ್ತರು ಮಾರಿಕೊಂಡು ಬಂದಿರುವ ಗುಲಾಬ್‌ಸಿಂಗ್ ಜೋಹ್ರಿಮಲ್ ಅಂಗಡಿ ಇರುವ ದಿಲ್ಲಿಯ ದರೀಬಾ ಕಲಾನ್‌ನಲ್ಲಿ ಒಮ್ಮೆ ಸುತ್ತಾಡಿ ಬನ್ನಿ. ಅಲ್ಲಿ ಗಡ್ಡಧಾರಿ ಹಿರಿಯರು ಗುಲಾಬಿ ಅತ್ತರಿನಲ್ಲಿ ಅದ್ದಿದ ಹತ್ತಿಯ ಎಳೆಯನ್ನು ಕಿವಿಯ ಮಡಿಕೆಯಲ್ಲಿ ಇಟ್ಟುಕೊಂಡು ಹೋಗುವುದನ್ನು ಕಾಣಬಹುದು. ಅವರ ಗಂಡಸುತನಕ್ಕೆ ಅದರಿಂದ ಯಾವ ಧಕ್ಕೆಯೂ ಬಂದಂತಿಲ್ಲ. ಹೂವಿಗೆ ಗೊತ್ತಿಲ್ಲದ ಲಿಂಗಭೇದವನ್ನು ಕಪಾಟು ಕಲಿಸುತ್ತಿದೆ. ಒಂದೇ ಮನೆಗೆ ಎರಡು ಬುಡ್ಡಿ ಮಾರಬೇಕೆನ್ನುವವರಿಗೆ ಅದರಿಂದ ಅನುಕೂಲವಿದೆ, ನಮಗಿಲ್ಲ.

ಇನ್ನು ಪರಿಮಳವೆಂದರೆ ಪರದೇಶದಿಂದ ಬಂದ ಶೋಕಿ ಎನ್ನುವ ಹಿರಿಯರ ಮಾತು. ನಮ್ಮ ಪೂರ್ವಿಕರು ಅರವತ್ತನಾಲ್ಕು ಕಲೆಗಳಲ್ಲಿ ಗಂಧಯುಕ್ತಿಯನ್ನೂ ಎಣಿಸಿದ್ದರು. ಆರನೆಯ ಶತಮಾನದ ವರಾಹಮಿಹಿರ 'ಬೃಹತ್ಸಂಹಿತೆ'ಯಲ್ಲಿ ಅದಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟು, ಹದಿನಾರು ದ್ರವ್ಯಗಳಿಂದ ನಾಲ್ಕು ನಾಲ್ಕನ್ನು ಆಯ್ದರೆ 1820 ಸಂಯೋಗಗಳಾಗುತ್ತವೆಂದು ಲೆಕ್ಕ ಕೊಟ್ಟ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ 'ಮಾನಸೋಲ್ಲಾಸ'ದಲ್ಲಿ ಅರಸನ ಉಪಭೋಗಗಳನ್ನು ವಿವರಿಸುವಾಗ ಮೈಗೆ ಪೂಸುವ ಲೇಪನಗಳನ್ನು ಬೇರೆಯಾಗಿಯೇ ವರ್ಣಿಸಿದ. ಕನ್ನಡ ನಾಡಿನ ಒಡೆಯನಿಗೆ ಇಲ್ಲದ ಸಂಕೋಚ ನಮಗೇಕೆ? ಅದು ಅರಸರ ವೈಭೋಗ, ನಮ್ಮಂಥವರದಲ್ಲ ಎನ್ನುವಿರಾದರೆ ಆ ಮಾತಿಗೆ ಅರ್ಥವಿದೆ. ಶೋಕಿ ಎಂದು ಜರೆಯುವುದು ಬೇರೆ, ಪರಕೀಯವೆಂದು ಜರೆಯುವುದು ಬೇರೆ. ಎರಡನೆಯದು ಸುಳ್ಳು.

ನಮ್ಮ ಹಳೆಯ ವೈದ್ಯಗ್ರಂಥಗಳ ಋತುಚರ್ಯೆಯನ್ನು ಓದಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಅಲ್ಲಿ ಹೇಮಂತಕ್ಕೆ ಅಗರುವಿನ ಲೇಪ, ಗ್ರೀಷ್ಮಕ್ಕೆ ಚಂದನ. ಕೇಳುವ ಮೊದಲ ಪ್ರಶ್ನೆ 'ನೀನು ಎಂಥವನು' ಎಂಬುದಲ್ಲ, 'ಇದು ಯಾವ ಕಾಲ' ಎಂಬುದು. ಇಂದಿನ ಆಯ್ಕೆಗೂ ಈ ಪ್ರಶ್ನೆಯೇ ಹೆಚ್ಚು ಉಪಯುಕ್ತ. ಪರಿಮಳವೆಂದರೆ ಆವಿಯಾಗಿ ಗಾಳಿಗೆ ಸೇರುವ ಅಣುಗಳು. ಬಿಸಿಲು ಏರಿದಷ್ಟೂ ಅವು ಬೇಗ ಏಳುತ್ತವೆ. ಯುರೋಪಿನ ಚಳಿಯಲ್ಲಿ, ಉಣ್ಣೆಯ ಕೋಟಿನ ಒಳಗಿನಿಂದ ಮೆಲ್ಲಗೆ ಹೊರಬರುವ ಅಂಬರು, ವೆನಿಲಾ, ಊದ್‌ಗಳ ದಟ್ಟ ಮಿಶ್ರಣವನ್ನು ಮೇ ತಿಂಗಳ ಚೆನ್ನೈಯಲ್ಲಿ ಹಚ್ಚಿಕೊಂಡು ಬಸ್ಸು ಹತ್ತಿದರೆ, ಅದು ಅಲ್ಲಿ ಸಂಜೆಯ ತನಕ ಹೇಳಬೇಕಾದ ಮಾತನ್ನೆಲ್ಲ ಇಲ್ಲಿ ಹತ್ತೇ ನಿಮಿಷದಲ್ಲಿ ಅರಚಿಬಿಡುತ್ತದೆ. ಅದೇ ಮಿಶ್ರಣ ಜನವರಿಯ ದಿಲ್ಲಿಯಲ್ಲಿ ಸೊಗಸಾಗಿರಬಹುದು. ಮುಂಬಯಿಯ ಮಳೆಗಾಲಕ್ಕೆ ಲಾಮಂಚ, ನಿಂಬೆಜಾತಿಯ ಕಂಪು, ತೆಳುವಾದ ಶ್ರೀಗಂಧ ಸಾಕು. ಪುಣೆಯ ಚಳಿಗಾಲದ ಸಂಜೆ ಇನ್ನೂ ಸ್ವಲ್ಪ ಗಾಢವಾದದ್ದನ್ನು ತಾಳುತ್ತದೆ. ಒಬ್ಬನೇ ಮನುಷ್ಯ, ಒಂದೇ ವ್ಯಕ್ತಿತ್ವ. ಊರು ಬದಲಾದರೆ ಒಪ್ಪುವುದೂ ಬದಲಾಗುತ್ತದೆ. ಊರೂರು ಅಲೆದು ಬದುಕು ಕಟ್ಟಿಕೊಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎಲ್ಲಕ್ಕಿಂತ ಮುಖ್ಯವಾದ ಸಂಗತಿಯನ್ನು ಮಾರುವವರು ಹೇಳುವುದೇ ಇಲ್ಲ. ಹಚ್ಚಿಕೊಂಡವನೇ ಅದರ ಅತ್ಯಂತ ಕೆಟ್ಟ ಪರೀಕ್ಷಕ. ಒಂದೇ ವಾಸನೆ ಸತತವಾಗಿ ಬರುತ್ತಿದ್ದರೆ ಕೆಲವು ನಿಮಿಷಗಳಲ್ಲಿ ಮೂಗು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ನಿಲ್ಲಿಸುತ್ತದೆ. ಹೊಸ ವಾಸನೆಯನ್ನು ಗುರುತಿಸಲು ಅದು ಮಾಡಿಕೊಂಡ ಏರ್ಪಾಡು ಇದು. ಹೋಟೆಲಿನ ಅಡುಗೆಯವನಿಗೆ ಒಗ್ಗರಣೆಯ ಘಾಟು ತಿಳಿಯದಂತೆ, ಅತ್ತರು ಹಚ್ಚಿಕೊಂಡವನಿಗೆ ತನ್ನ ಅತ್ತರು ತಿಳಿಯುವುದಿಲ್ಲ. 'ಹೋಗಿಬಿಟ್ಟಿತು' ಎಂದು ಆತ ಮತ್ತೆ ಒತ್ತುತ್ತಾನೆ. ಎರಡು ಸಲ ಒತ್ತುತ್ತಿದ್ದವನು ಬರಬರುತ್ತ ಆರು ಸಲಕ್ಕೆ ಬರುತ್ತಾನೆ. ಇದರ ಮೇಲೆ ಇನ್ನೊಂದು ತೊಡಕಿದೆ. ಎಲ್ಲರ ಮೂಗೂ ಒಂದೇ ಅಲ್ಲ. ಕೃತಕ ಕಸ್ತೂರಿಯ ಕೆಲವು ಬಗೆಗಳು ಕೆಲವರ ಮೂಗಿಗೆ ತಗಲುವುದೇ ಇಲ್ಲ, ಪಕ್ಕದಲ್ಲಿರುವವರಿಗೆ ಅವೇ ಕಟುವಾಗಿರುತ್ತವೆ. 'ಇದು ಬಲು ಸೌಮ್ಯ' ಎಂದು ನಾವು ಬೀಗುತ್ತಿರುವಾಗ ಎದುರಿನವರು ಕಿಟಕಿ ಹುಡುಕುತ್ತಿರಬಹುದು. ಹನ್ನೆರಡು ಗಂಟೆ ಬಾಳುತ್ತದೆ, ಇಡೀ ಕೋಣೆಯನ್ನು ತುಂಬುತ್ತದೆ ಎಂಬ ಜಾಹೀರಾತುಗಳು ಗುಣವೆಂದು ಹೊಗಳುವುದು ಇದನ್ನೇ. ಆ ಕೋಣೆಯಲ್ಲಿ ಬೇರೆಯವರೂ ಇದ್ದಾರೆಂಬುದು ಜಾಹೀರಾತಿಗೆ ನೆನಪಿರುವುದಿಲ್ಲ.

ಯಾವುದನ್ನು ಹಚ್ಚಬೇಕು ಎಂಬುದಕ್ಕಿಂತ ಎಷ್ಟು ಹಚ್ಚಬೇಕು ಎಂಬುದು ದೊಡ್ಡ ಪ್ರಶ್ನೆ. ಮಲ್ಲಿಗೆಯ ಕಂಪಿನಲ್ಲಿ ಇಂಡೋಲ್ ಎಂಬ ಒಂದು ಪದಾರ್ಥವಿದೆ. ಅದೇ ಪದಾರ್ಥ ಮಲದಲ್ಲಿಯೂ ಇದೆ. ಕಣದಷ್ಟಿದ್ದಾಗ ಅದು ಹೂವಿಗೆ ಮಾದಕತೆ ಕೊಡುತ್ತದೆ, ಹೆಚ್ಚಿದರೆ ಮೂಗು ಮುಚ್ಚಿಸುತ್ತದೆ. ಭಾಷೆಗೂ ಈ ಅನುಭವವಿದ್ದಂತಿದೆ. ತಮಿಳಿನ 'ನಾಱ್ಱಂ' ಹಿಂದೆ ಸುಗಂಧಕ್ಕೂ ಸಲ್ಲುತ್ತಿದ್ದ ಪದ, ಇಂದು ದುರ್ನಾತಕ್ಕೆ ಮಾತ್ರ ಉಳಿದಿದೆ. ನಮ್ಮ 'ನಾರು' ಎಂಬ ಕ್ರಿಯಾಪದದ ಗತಿಯೂ ಅದೇ. 'ವಾಸನೆ ಬರುತ್ತಿದೆ' ಎಂದರೆ ಈಗ ಯಾರೂ ಹೂವನ್ನು ಹುಡುಕುವುದಿಲ್ಲ, ಚರಂಡಿಯನ್ನು ಹುಡುಕುತ್ತಾರೆ. ಬುಡ್ಡಿಗಳ ಮೇಲಿನ ಹೆಸರುಗಳು ಕೂಡ ಪ್ರಮಾಣವನ್ನೇ ಹೇಳುತ್ತವೆ. ಕಲೋನ್ ಎಂದರೆ ಸುಗಂಧದ ಅಂಶ ಸುಮಾರು ಶೇ. 2ರಿಂದ 4, ಓ ದ ತ್ವಾಲೆತ್ ಎಂದರೆ ಶೇ. 5ರಿಂದ 15, ಓ ದ ಪರ್ಫಾಂ ಎಂದರೆ ಶೇ. 15ರಿಂದ 20. ಇದನ್ನು ತಿಳಿಯದೆ ಮೂರನ್ನೂ ಒಂದೇ ಸಮನೆ ಮೈಮೇಲೆ ಸುರಿದುಕೊಳ್ಳುವುದೆಂದರೆ ಚಮಚಕ್ಕೂ ಸೌಟಿಗೂ ವ್ಯತ್ಯಾಸ ತಿಳಿಯದೆ ಉಪ್ಪು ಹಾಕಿದಂತೆ.

ಇಷ್ಟು ಖಾರವಾಗಿ ಬರೆಯಲು ನನಗೊಂದು ಕಾರಣವಿದೆ. ಹದಿನಾರರ ಹರೆಯದಲ್ಲಿ ನಾನು ಈ ಮುಂಬಯಿಯ ಒಂದು ಉಡುಪಿ ಹೋಟೆಲಿನಲ್ಲಿ ಹಗಲು ದುಡಿದು ರಾತ್ರಿ ಶಾಲೆಗೆ ಹೋಗುತ್ತಿದ್ದೆ. ಅಂಗಿಯ ನೂಲುನೂಲಿನಲ್ಲೂ ಈರುಳ್ಳಿ, ಕರಿದ ಎಣ್ಣೆ, ಸಾಂಬಾರಿನ ವಾಸನೆ. ಪಕ್ಕದ ಬೆಂಚಿನ ಹುಡುಗ ಒಂದು ದಿನ ನನ್ನನ್ನು ನೋಡಿ ಮೂಗಿನ ಮೇಲೆ ಕರವಸ್ತ್ರ ಇಟ್ಟುಕೊಂಡ. ಮರುದಿನವೇ ನಾನು ಫುಟ್‌ಪಾತಿನಲ್ಲಿ ಒಂದು ಅಗ್ಗದ ಗುಲಾಬಿ ಸೆಂಟು ಕೊಂಡು, ಅರ್ಧ ಬುಡ್ಡಿಯನ್ನು ಅಂಗಿಗೆ ಸುರಿದುಕೊಂಡು ತರಗತಿಗೆ ಹೋದೆ. ಆ ರಾತ್ರಿ ಇಡೀ ತರಗತಿ ನಕ್ಕಿತು. ಸಾಂಬಾರು ಎಲ್ಲಿಯೂ ಹೋಗಿರಲಿಲ್ಲ, ಅದರ ಮೇಲೆ ಗುಲಾಬಿ ಬಂದು ಕುಳಿತಿತ್ತು. ಮಾಸ್ತರರು ಮಾತ್ರ ನಗಲಿಲ್ಲ. ಪಾಠ ಮುಗಿದ ಮೇಲೆ ಹತ್ತಿರ ಕರೆದು, ಶಾಲೆಗೆಂದೇ ಇನ್ನೊಂದು ಅಂಗಿಯನ್ನು ಒಗೆದು ಬೇರೆ ಚೀಲದಲ್ಲಿ ಇಟ್ಟುಕೋ ಎಂದಷ್ಟೇ ಹೇಳಿದರು. ಆ ಬುಡ್ಡಿಯನ್ನು ಕೊಂಡದ್ದು ನಾನಲ್ಲ, ನನ್ನ ನಾಚಿಕೆ ಎಂಬುದು ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು.

ಇಂದು ಆ ನಾಚಿಕೆಯ ವ್ಯಾಪಾರ ಫುಟ್‌ಪಾತಿನಿಂದ ಟೀವಿಗೆ ಬಂದಿದೆ. ನಿಮ್ಮ ಬೆವರಿನಿಂದ ಜನ ದೂರ ಸರಿಯುತ್ತಿದ್ದಾರೆ, ನಿಮಗೆ ನೌಕರಿ ಸಿಗುವುದಿಲ್ಲ, ಹೆಣ್ಣು ಒಲಿಯುವುದಿಲ್ಲ ಎಂದು ಹೆದರಿಸಿ ಆಮೇಲೆ ಬುಡ್ಡಿಯನ್ನು ತೋರಿಸುತ್ತಾರೆ. ಹೊಸದಾಗಿ ಸುರಿದ ಬೆವರಿಗೆ ಹೆಚ್ಚುಕಡಿಮೆ ವಾಸನೆಯೇ ಇರುವುದಿಲ್ಲ. ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳು ಅದನ್ನು ಒಡೆದಾಗ ವಾಸನೆ ಹುಟ್ಟುತ್ತದೆ. ಅದಕ್ಕೆ ಮದ್ದು ನೀರು, ಸಾಬೂನು, ಒಗೆದ ಬಟ್ಟೆ. ಪರಿಮಳ ಅದನ್ನು ಅಳಿಸುವುದಿಲ್ಲ, ಅದರೊಡನೆ ಬೆರೆಯುತ್ತದೆ. ದಿನಕ್ಕೆರಡು ಕೊಡ ನೀರಿಗೆ ಸರದಿಯಲ್ಲಿ ನಿಲ್ಲುವವನ ಬೆವರನ್ನು ಅವನ ವ್ಯಕ್ತಿತ್ವದ ದೋಷವೆಂದು ತೋರಿಸಿ ಸೆಂಟು ಮಾರುವುದು ನೀಚತನ. ಯಾರ ಮೈವಾಸನೆ 'ವಾಸನೆ', ಯಾರದು 'ಕಂಪು' ಎಂಬ ತೀರ್ಮಾನದಲ್ಲಿ ನಮ್ಮ ಸಮಾಜದ ಮೇಲುಕೀಳುಗಳೆಲ್ಲ ಅಡಗಿವೆ. ಮೀನು ಮಾರುವವಳ ಬುಟ್ಟಿಗೆ ಮೂಗು ಮುರಿಯುವ ನಾವು ಲಿಫ್ಟಿನಲ್ಲಿ ಉಸಿರು ಕಟ್ಟಿಸುವ ವಿದೇಶಿ ಸೆಂಟಿಗೆ ಮೂಗು ಮುರಿಯುವುದಿಲ್ಲ. ಮೊದಲನೆಯದು ದುಡಿಮೆಯಿಂದ ತಾನಾಗಿ ಬಂದದ್ದು, ಎರಡನೆಯದು ಬೇಕೆಂದೇ ಮಾಡಿದ್ದು. ದೂರಬೇಕಾದದ್ದು ಯಾವುದನ್ನು?

ಮಲ್ಲಿಗೆಯೊಂದೇ ಸಾಕೆನ್ನುವ ಹಿರಿಯರಿಗೆ ಈಗ ಎರಡು ಮಾತು. ಮಲ್ಲಿಗೆಯ ಮೇಲೆ ನನಗೂ ಪ್ರೀತಿಯಿದೆ. ಮಾಟುಂಗದ ಹೂವಿನಂಗಡಿಗಳ ಮುಂದೆ ನನ್ನ ಹೆಜ್ಜೆ ನಿಧಾನವಾಗುವುದು ನಿಮಗೂ ಗೊತ್ತು. ಆದರೆ ನಮ್ಮದೆಂಬ ಕಾರಣಕ್ಕೆ ಅದಕ್ಕೆ ವಿನಾಯಿತಿ ಇಲ್ಲ. ಕಿಟಕಿ ಮುಚ್ಚಿದ ಹವಾನಿಯಂತ್ರಿತ ಬಸ್ಸಿನಲ್ಲಿ ನಾಲ್ಕು ಮೊಳ ದುಂಡುಮಲ್ಲಿಗೆ ಮೈಗ್ರೇನ್ ಇರುವವರಿಗೆ ನರಕ. ಒಂದೇ ಕೋಣೆಯ ಮನೆಯಲ್ಲಿ ಐದು ಊದುಬತ್ತಿ ಹಚ್ಚಿದರೆ ದೇವರು ಮೆಚ್ಚಬಹುದು, ಆಸ್ತಮಾದ ಮಗು ಕೆಮ್ಮುತ್ತದೆ. ಅಂಗಳವಿದ್ದ ಮನೆಗೆ ಒಪ್ಪಿದ್ದು ನಾಲ್ಕನೆಯ ಮಹಡಿಯ ಫ್ಲ್ಯಾಟಿಗೆ ಒಪ್ಪಬೇಕೆಂದಿಲ್ಲ. ನಾನು ಎತ್ತಿದ ಪ್ರಶ್ನೆ ಪರಂಪರೆಗೂ ಪ್ಯಾರಿಸ್ಸಿಗೂ ಒಂದೇ.

'ನೈಸರ್ಗಿಕವಾದದ್ದೇ ಒಪ್ಪುತ್ತದೆ' ಎಂಬ ಇನ್ನೊಂದು ಜಂಬವಿದೆ. ಕತ್ತೆಗೇನು ಗೊತ್ತು ಕಸ್ತೂರಿಯ ಪರಿಮಳ ಎಂಬ ಗಾದೆಯನ್ನು ಹೇಳುವ ನಮ್ಮಲ್ಲಿ ಎಷ್ಟು ಜನ ನಿಜವಾದ ಕಸ್ತೂರಿಯನ್ನು ಮೂಸಿದ್ದೇವೆ? ಕಸ್ತೂರಿ ಮೃಗ 1972ರ ವನ್ಯಜೀವಿ ಕಾಯಿದೆಯ ರಕ್ಷಣೆಯಲ್ಲಿರುವ ಪ್ರಾಣಿ. ಅಂಗಡಿಯಲ್ಲಿ ಕಸ್ತೂರಿ ಎಂದು ಮಾರುವುದು ಪ್ರಯೋಗಶಾಲೆಯ ಸಂತಾನ. ಅದರ ಮೂಲಪುರುಷನನ್ನು 1888ರಲ್ಲಿ ಆಲ್ಬರ್ಟ್ ಬಾವರ್ ಕಂಡದ್ದು ಸ್ಫೋಟಕಗಳ ಸಂಶೋಧನೆಯಲ್ಲಿ. ಆ ಗಾದೆಯ ಮುಂದೆ ಈಗ ನಾವೆಲ್ಲರೂ ಕತ್ತೆಗಳೇ. ಶ್ರೀಗಂಧದ ಕಥೆ ಇನ್ನೂ ನಮ್ಮ ಮನೆಯದು. 1916ರಲ್ಲಿ ಮೈಸೂರು ಸಂಸ್ಥಾನ ಗಂಧದೆಣ್ಣೆಯನ್ನು ತಾನೇ ಬಟ್ಟಿಯಿಳಿಸಲು ತೊಡಗಿದ ಮೇಲೆ 'ಮೈಸೂರು' ಎಂಬುದು ಜಗತ್ತಿನ ಪರಿಮಳಗಾರರ ಬಾಯಲ್ಲಿ ಒಂದು ಗುಣದ ಹೆಸರೇ ಆಯಿತು. ಇಂದು ಶುದ್ಧ ಗಂಧದೆಣ್ಣೆ ಕಿಲೋಗೆ ಲಕ್ಷ ರೂಪಾಯಿ ದಾಟಿದೆ. ಕನೌಜಿನ ಕುಶಲಿಗಳು ತಾಮ್ರದ ಹಂಡೆಯಲ್ಲಿ ಹೂವನ್ನು ಬೇಯಿಸಿ ಅದರ ಆವಿಯನ್ನು ಗಂಧದೆಣ್ಣೆಯಲ್ಲಿ ಹಿಡಿಯುತ್ತಿದ್ದ ಕಡೆಗಳಲ್ಲಿಯೂ ಈಗ ಅಗ್ಗದ ಅತ್ತರಿಗೆ ಪ್ಯಾರಾಫಿನ್ ಎಣ್ಣೆ ಬಂದಿದೆ. ಹೀಗಿರುವಾಗ ನೂರು ರೂಪಾಯಿಗೆ 'ಅಸಲಿ ಮೈಸೂರು ಗಂಧ' ಎಂದು ಕೊಟ್ಟದ್ದನ್ನು ನಂಬಿ ಊರಿನ ನೆನಪಿನಲ್ಲಿ ಕಣ್ಣು ತೇವ ಮಾಡಿಕೊಳ್ಳುವುದು ಬೇಡ. ಕೃತಕವಾದದ್ದು ಹಿತವಾಗಿದ್ದರೆ ಕೃತಕವೆಂದು ತಿಳಿದೇ ಹಚ್ಚಿಕೊಳ್ಳೋಣ. ಗಂಧದ ಮರಗಳಾದರೂ ಉಳಿದಾವು.

ಕಡೆಯದಾಗಿ ಸ್ವಾತಂತ್ರ್ಯದ ವಾದ. ನನ್ನ ಮೈ, ನನ್ನ ದುಡ್ಡು, ನಿಮಗೇನು ಎಂದು ಕೇಳುವವರಿದ್ದಾರೆ. ಅವರ ಮೈ ಅವರದೇ, ಸಂದೇಹವಿಲ್ಲ. ಗಾಳಿ ಮಾತ್ರ ಪಾಲಿನದು. ಬೀಡಿ ಸಿಗರೇಟುಗಳ ಹೊಗೆಯ ವಿಷಯದಲ್ಲಿ ನಾವು ಇದನ್ನು ಒಪ್ಪಿಕೊಂಡು ಆಯಿತು. ಪರಿಮಳ ಹೊಗೆಯಷ್ಟು ಕೇಡಿನದಲ್ಲ, ಅದನ್ನು ನಿಷೇಧಿಸಿ ಎಂದು ನಾನು ಹೇಳುತ್ತಿಲ್ಲ. ಹೇಳುವುದು ಇಷ್ಟೇ: ನಾವು ಬರುವ ಮೊದಲು ನಮ್ಮ ಪರಿಮಳ ಬರಬಾರದು, ನಾವು ಹೋದ ಮೇಲೆ ಉಳಿಯಬಾರದು. ಕೈಕುಲುಕುವಷ್ಟು ಹತ್ತಿರ ಬಂದವರಿಗೆ ತಿಳಿದರೆ ಸಾಕು. ಆಸ್ಪತ್ರೆಯ ವಾರ್ಡಿಗೆ ಹೋಗುವಾಗ ಅದೂ ಬೇಡ.

ಈಗ ಆ ಕಿರಿಯ ಮಿತ್ರರಿಗೆ ಉತ್ತರ. ಹಸಿವಿನಿಂದಲೂ ಹೋಗಬೇಡಿ, ಅವಸರದಿಂದಲೂ ಹೋಗಬೇಡಿ. ಕಾಗದದ ಪಟ್ಟಿಯ ಮೇಲೆ ನಾಲ್ಕಾರು ಮೂಸಿ, ಎರಡನ್ನು ಮಾತ್ರ ಆಯ್ದು, ಬಲಗೈಯ ಮಣಿಕಟ್ಟಿಗೊಂದು, ಎಡಗೈಗೊಂದು ಹಾಕಿಸಿಕೊಳ್ಳಿ. ಕಾಫಿ ಬೀಜ ಮೂಸಲು ಕೊಡುತ್ತಾರೆ, ಅದರ ಅಗತ್ಯವಿಲ್ಲ, ಹೊರಗಿನ ಗಾಳಿ ಸಾಕು. ಮಾರುವವರು ಎಷ್ಟೇ ಒತ್ತಾಯಿಸಿದರೂ ಅಲ್ಲೇ ಕೊಳ್ಳದೆ ಹೊರಗೆ ಬನ್ನಿ. ಅಂಗಡಿಯಲ್ಲಿ ಮೂಗಿಗೆ ಬರುವುದು ಕಾಲು ಗಂಟೆಯಲ್ಲಿ ಹಾರಿಹೋಗುವ ಮೇಲುಗಂಪು. ನೀವು ದಿನವಿಡೀ ಹೊತ್ತು ತಿರುಗಬೇಕಾದದ್ದು ಅದರ ಕೆಳಗಿರುವುದು, ಅದು ತಲೆಯೆತ್ತಲು ಗಂಟೆಗಳು ಬೇಕು. ಬಿಸಿಲಿನಲ್ಲಿ ನಡೆಯಿರಿ, ರೈಲು ಹತ್ತಿ, ಬೆವರಿ. ಸಂಜೆ ನಿಮ್ಮ ಮೇಲೆ ಮುಲಾಜಿಲ್ಲದ ಒಬ್ಬರಿಗೆ ಎರಡೂ ಕೈ ಚಾಚಿ ಕೇಳಿ. ಎರಡೂ ಬೇಡವೆಂದರೆ ಎರಡನ್ನೂ ಬಿಟ್ಟುಬಿಡಿ. ಮೊದಲ ಸಂಬಳ ಖರ್ಚಾಗಲು ಬೇರೆ ದಾರಿಗಳಿವೆ.

ಮುಂದಿನ ಕೂಟಕ್ಕೆ ಬರುವಾಗ ಆಯ್ದದ್ದನ್ನು ಹಚ್ಚಿಕೊಂಡು ಬನ್ನಿ, ನನ್ನ ಪಕ್ಕದಲ್ಲೇ ಕುಳಿತುಕೊಳ್ಳಿ. ಕೊಠಡಿ ಚಿಕ್ಕದು, ಫ್ಯಾನು ಒಂದೇ, ಕಾರ್ಯಕ್ರಮ ಎರಡು ಗಂಟೆಯದು. ಅದು ಮುಗಿದ ಮೇಲೆ ಒಪ್ಪಿತೋ ಇಲ್ಲವೋ ನಾನೇ ಹೇಳುತ್ತೇನೆ.